ಬರೆದದ್ದು ಒಂದು, ಓಡುತ್ತಿರುವುದು ಇನ್ನೊಂದು: ಸೆಫ್ ಕ್ಲಸ್ಟರಿನ ಕಾನ್ಫಿಗರೇಶನ್ ತಪ್ಪುಗಳನ್ನು ಹುಡುಕುವ ಬಗೆ

ಸೆಫ್ ಎಂದರೆ ಹಲವು ಯಂತ್ರಗಳ ಡಿಸ್ಕುಗಳನ್ನು ಕೂಡಿಸಿ ಒಂದೇ ಸ್ಟೋರೇಜ್ ಆಗಿ ಕೊಡುವ ಸಾಫ್ಟ್‌ವೇರ್. ಡಿಸ್ಕ್ ಕೆಟ್ಟರೆ ಅದು ತಾನಾಗಿ ಹೇಳುತ್ತದೆ. ಯಾವ ಓಎಸ್‌ಡಿ (ಒಂದೊಂದು ಡಿಸ್ಕನ್ನು ನೋಡಿಕೊಳ್ಳುವ ಪ್ರೋಗ್ರಾಂ) ಬಿತ್ತು, ಯಾವ ಹೋಸ್ಟಿನಲ್ಲಿ ಬಿತ್ತು ಎಂಬುದು ಒಂದೇ ಕಮಾಂಡಿನಲ್ಲಿ ಸಿಕ್ಕಿಬಿಡುತ್ತದೆ. ಕಾನ್ಫಿಗರೇಶನ್ ತಪ್ಪು ಹೀಗೆ ಬಾಯಿ ಬಿಡುವುದಿಲ್ಲ. ಡಿಸ್ಕುಗಳೆಲ್ಲ ಗಟ್ಟಿಯಾಗಿರುತ್ತವೆ, ಸರ್ವಿಸುಗಳೆಲ್ಲ ಓಡುತ್ತಿರುತ್ತವೆ, ಆದರೂ ಪಿಜಿಗಳು (ಡೇಟಾವನ್ನು ಹಂಚಿಡುವ ಗುಂಪುಗಳು) ಪೀರಿಂಗ್‌ನಲ್ಲೇ, ಅಂದರೆ ಪ್ರತಿಗಳನ್ನಿಟ್ಟ ಓಎಸ್‌ಡಿಗಳು ಪರಸ್ಪರ ಒಪ್ಪಂದಕ್ಕೆ ಬರುವ ಹಂತದಲ್ಲೇ, ಸಿಕ್ಕಿಕೊಂಡಿರುತ್ತವೆ. ಇದಕ್ಕಿಂತ ಕೆಟ್ಟದ್ದೂ ಇದೆ: ಹೆಲ್ತ್ ಓಕೆ ಎಂದು ಹಸಿರು ಬಣ್ಣದಲ್ಲಿ ಬರೆದಿರುತ್ತದೆ, ಒಳಗೆ ನೋಡಿದರೆ ಮೂರು ಪ್ರತಿಗಳಲ್ಲಿ ಎರಡು ಒಂದೇ ಯಂತ್ರದಲ್ಲಿ ಕೂತಿರುತ್ತವೆ.

ಈ ತಪ್ಪುಗಳಲ್ಲಿ ಬಹುಪಾಲು ಒಂದೇ ಬೇರಿನಿಂದ ಹುಟ್ಟುತ್ತವೆ. ನಾವು ಬರೆದಿಟ್ಟ ವ್ಯಾಲ್ಯೂ ಒಂದು, ಓಡುತ್ತಿರುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಹಿಡಿದುಕೊಂಡಿರುವ ವ್ಯಾಲ್ಯೂ ಇನ್ನೊಂದು. ಹಾಗಾಗಿ ಹುಡುಕಾಟ ಶುರುವಾಗಬೇಕಾದದ್ದು "ನಾನು ಏನು ಬರೆದೆ" ಎಂಬಲ್ಲಿಂದ ಅಲ್ಲ, "ಈ ಓಎಸ್‌ಡಿ ಈಗ ಏನೆಂದುಕೊಂಡಿದೆ" ಎಂಬಲ್ಲಿಂದ.

ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಅಂಡರ್‌ಸ್ಕೋರ್, ಹೈಫನ್, ಚುಕ್ಕಿ ಇರುವ ಕಡೆ ಇಲ್ಲೂ ಹಾಗೇ ಹಾಕಿದೆ.

ಮೊದಲು ಕೈ ಕಟ್ಟಿ ನಿಲ್ಲಿ

ಓಎಸ್‌ಡಿಗಳನ್ನೆಲ್ಲ ಒಟ್ಟಿಗೆ ರೀಸ್ಟಾರ್ಟ್ ಮಾಡಬೇಡಿ. ಯಾವ ಓಎಸ್‌ಡಿಯನ್ನೂ ಅಳಿಸಬೇಡಿ, "ಲಾಸ್ಟ್" (ಕಳೆದುಹೋಗಿದೆ) ಎಂದು ಗುರುತು ಹಾಕಬೇಡಿ. ಕಾನ್ಫಿಗರೇಶನ್ ತಪ್ಪಿನಿಂದ ಡೇಟಾ ಹೋಗುವುದು ಅಪರೂಪ, ಅದನ್ನು ಸರಿ ಮಾಡಲು ಹೊರಟ ಗಾಬರಿಯಲ್ಲಿ ಹೋಗುವುದೇ ಹೆಚ್ಚು. ಐದು ನಿಮಿಷ ತೆಗೆದುಕೊಂಡು ಈಗಿನ ಸ್ಥಿತಿಯನ್ನು ಫೈಲುಗಳಿಗೆ ಇಳಿಸಿ:

ಸೆಫ್ ಹೆಲ್ತ್ ಡೀಟೇಲ್
ಸೆಫ್ ಕಾನ್ಫಿಗ್ ಡಂಪ್
ಸೆಫ್ ಓಎಸ್‌ಡಿ ಡಂಪ್
ಸೆಫ್ ಓಎಸ್‌ಡಿ ಡಿಎಫ್ ಟ್ರೀ
ಸೆಫ್ ಓಎಸ್‌ಡಿ ಗೆಟ್‌ಕ್ರಶ್‌ಮ್ಯಾಪ್ -ಒ ಕ್ರಶ್.ಹಳೆಯದು

ಕೊನೆಯದು ಕ್ರಶ್ ಮ್ಯಾಪಿನ, ಅಂದರೆ ಯಾವ ಡೇಟಾ ಯಾವ ಡಿಸ್ಕಿಗೆ ಹೋಗಬೇಕೆಂದು ಲೆಕ್ಕ ಹಾಕುವ ನಕ್ಷೆಯ, ಪೂರ್ತಿ ಪ್ರತಿ. ಮುಂದೆ ಏನಾದರೂ ಎಡವಟ್ಟಾದರೆ "ಸೆಟ್‌ಕ್ರಶ್‌ಮ್ಯಾಪ್ -ಐ" ಕೊಟ್ಟು ಇದೇ ಫೈಲನ್ನು ಮರಳಿ ಹಾಕಬಹುದು. ಇನ್ನೊಂದು ಕಮಾಂಡ್ ಬಹಳ ಜನಕ್ಕೆ ನೆನಪೇ ಇರುವುದಿಲ್ಲ: "ಸೆಫ್ ಕಾನ್ಫಿಗ್ ಲಾಗ್ 20". ಕೇಂದ್ರ ಕಾನ್ಫಿಗ್ ಡೇಟಾಬೇಸಿನಲ್ಲಿ ಆದ ಕೊನೆಯ 20 ಬದಲಾವಣೆಗಳನ್ನು ಸಮಯದ ಸಮೇತ ತೋರಿಸುತ್ತದೆ. ನಿನ್ನೆ ರಾತ್ರಿ ತೊಂದರೆ ಶುರುವಾಗಿದ್ದರೆ, ನಿನ್ನೆ ಸಂಜೆ ಯಾವ ವ್ಯಾಲ್ಯೂ ಬದಲಾಯಿತು ಎಂಬುದು ಇಲ್ಲೇ ಕಾಣಬಹುದು. "ಸೆಫ್ ಕಾನ್ಫಿಗ್ ರೀಸೆಟ್" ಜೊತೆಗೆ ಆ ಪಟ್ಟಿಯ ಸಂಖ್ಯೆ ಕೊಟ್ಟರೆ ಡೇಟಾಬೇಸ್ ಆ ಹಂತಕ್ಕೆ ಹಿಂತಿರುಗುತ್ತದೆ.

ಡೀಮನ್‌ನ ಬಾಯಲ್ಲೇ ಕೇಳಿ

2018ರ ಮಿಮಿಕ್ ಆವೃತ್ತಿಯಿಂದ ಸೆಫ್‌ಗೆ ಮಾನಿಟರುಗಳಲ್ಲಿ (ಕ್ಲಸ್ಟರಿನ ಸ್ಥಿತಿಯನ್ನು ನೆನಪಿಡುವ ಡೀಮನ್‌ಗಳು) ಕೂತಿರುವ ಕೇಂದ್ರ ಕಾನ್ಫಿಗ್ ಡೇಟಾಬೇಸ್ ಬಂತು. ಹಾಗೆಂದು ಹಳೆಯ ಸೆಫ್.ಕಾನ್ಫ್ ಫೈಲು ಸುಮ್ಮನಾಗಲಿಲ್ಲ. ಈಗ ಒಂದು ವ್ಯಾಲ್ಯೂ ಹಲವು ಕಡೆಯಿಂದ ಬರಬಹುದು, ನಂತರದ್ದು ಮೊದಲಿನದನ್ನು ಮುಚ್ಚುತ್ತದೆ: ಪ್ರೋಗ್ರಾಮಿನೊಳಗಿನ ಡಿಫಾಲ್ಟ್, ಅದರ ಮೇಲೆ ಕೇಂದ್ರ ಡೇಟಾಬೇಸ್, ಅದರ ಮೇಲೆ ಆ ಯಂತ್ರದ ಸೆಫ್.ಕಾನ್ಫ್, ಅದರ ಮೇಲೆ ಎನ್ವಿರಾನ್ಮೆಂಟ್ ವೇರಿಯಬಲ್, ಕಮಾಂಡ್ ಲೈನ್, ಕೊನೆಗೆ ಓಡುತ್ತಿರುವಾಗ ಚುಚ್ಚಿದ ತಾತ್ಕಾಲಿಕ ವ್ಯಾಲ್ಯೂ. ಅಂದರೆ ಕೇಂದ್ರ ಡೇಟಾಬೇಸಿನಲ್ಲಿ ನೀವು ಎಷ್ಟು ಸರಿಯಾಗಿ ಬರೆದರೂ, ಯಾವುದೋ ಒಂದು ನೋಡಿನಲ್ಲಿ ಮರೆತುಹೋದ ಸೆಫ್.ಕಾನ್ಫ್ ಸಾಲು ಅದನ್ನು ಮೀರುತ್ತದೆ.

"ಸೆಫ್ ಕಾನ್ಫಿಗ್ ಗೆಟ್" ಕೇಂದ್ರದಲ್ಲಿ ಏನು ಬರೆದಿದೆ ಎಂಬುದನ್ನಷ್ಟೇ ಹೇಳುತ್ತದೆ. ಓಡುತ್ತಿರುವುದನ್ನು ಹೇಳುವುದು "ಸೆಫ್ ಕಾನ್ಫಿಗ್ ಶೋ ಓಎಸ್‌ಡಿ.12". ಇದರ ಔಟ್‌ಪುಟ್‌ನಲ್ಲಿ ಹೆಸರು, ವ್ಯಾಲ್ಯೂಗಳ ಪಕ್ಕ ಸೋರ್ಸ್ ಎಂಬ ಕಾಲಂ ಇರುತ್ತದೆ. ಕಣ್ಣು ಮೊದಲು ಅಲ್ಲಿಗೆ ಹೋಗಬೇಕು. ಉದಾಹರಣೆಗೆ ಓಎಸ್‌ಡಿ_ಮೆಮೊರಿ_ಟಾರ್ಗೆಟ್ ಅನ್ನು ಕೇಂದ್ರದಲ್ಲಿ 8589934592, ಅಂದರೆ 8 ಜಿಬಿ ಎಂದು ಇಟ್ಟಿದ್ದೀರಿ. ಶೋ ಕಮಾಂಡ್ 4294967296 ಎನ್ನುತ್ತಿದೆ, ಸೋರ್ಸ್ ಕಾಲಂನಲ್ಲಿ ಫೈಲ್ ಎಂದಿದೆ. ಇನ್ನು ಊಹಿಸಬೇಕಾದ್ದಿಲ್ಲ, ಆ ಯಂತ್ರದ ಸೆಫ್.ಕಾನ್ಫ್ ತೆರೆದು ಆ ಸಾಲು ತೆಗೆಯಿರಿ. ಸೋರ್ಸ್ ಕಾಲಂನಲ್ಲಿ ಓವರ್‌ರೈಡ್ ಎಂದಿದ್ದರೆ ಯಾರೋ ಇಂಜೆಕ್ಟ್‌ಆರ್ಗ್ಸ್ ಬಳಸಿದ್ದಾರೆ ಎಂದರ್ಥ. ಮುಂದಿನ ರೀಸ್ಟಾರ್ಟಿನಲ್ಲಿ ಅದು ಮಾಯವಾಗುತ್ತದೆ, ಆಗ "ಏನೂ ಮುಟ್ಟದೆ" ಕ್ಲಸ್ಟರಿನ ನಡವಳಿಕೆ ಬದಲಾಗುತ್ತದೆ.

ಸೆಫ್‌ಎಡಿಎಂ (ಡೀಮನ್‌ಗಳನ್ನು ಕಂಟೇನರುಗಳಲ್ಲಿ ಓಡಿಸುವ ಸೆಫ್‌ನ ಸಾಧನ) ಬಳಸುವವರು ಇನ್ನೊಂದು ಮಾತು ಗಮನಿಸಿ. ಕಂಟೇನರಿನೊಳಗಿನ ಡೀಮನ್ ಓದುವುದು ಹೋಸ್ಟಿನ /ಇಟಿಸಿ/ಸೆಫ್ ಡೈರೆಕ್ಟರಿಯ ಫೈಲನ್ನಲ್ಲ. /ವಾರ್/ಲಿಬ್/ಸೆಫ್ ಕೆಳಗೆ, ಕ್ಲಸ್ಟರಿನ ಎಫ್‌ಎಸ್‌ಐಡಿ (ಗುರುತು ಸಂಖ್ಯೆ) ಹೆಸರಿನ ಡೈರೆಕ್ಟರಿಯಲ್ಲಿ, ಪ್ರತಿ ಡೀಮನ್‌ಗೂ ಒಂದೊಂದು ಕಾನ್ಫಿಗ್ ಫೈಲ್ ಇರುತ್ತದೆ. ಅದು ಓದುವುದು ಇದನ್ನು. /ಇಟಿಸಿ/ಸೆಫ್‌ನಲ್ಲಿ ಗಂಟೆಗಟ್ಟಲೆ ತಿದ್ದಿದರೂ ಏನೂ ಆಗದಿರುವುದಕ್ಕೆ ಇದೇ ಕಾರಣ.

ಕೇಂದ್ರ ಡೇಟಾಬೇಸಿನೊಳಗೂ ಪದರಗಳಿವೆ. ಗ್ಲೋಬಲ್‌ಗಿಂತ ಓಎಸ್‌ಡಿ ವಿಭಾಗ ಮೇಲು, ಅದಕ್ಕಿಂತ ಹೋಸ್ಟ್ ಅಥವಾ ಕ್ಲಾಸ್ ಮಾಸ್ಕ್ (ಇಂಥ ಯಂತ್ರಕ್ಕೆ ಅಥವಾ ಇಂಥ ಬಗೆಯ ಡಿಸ್ಕಿಗೆ ಮಾತ್ರ ಎಂಬ ಷರತ್ತು) ಹಾಕಿದ ಸಾಲು ಮೇಲು, ಎಲ್ಲಕ್ಕಿಂತ ಓಎಸ್‌ಡಿ.12 ಎಂದು ನೇರವಾಗಿ ಹೆಸರಿಸಿದ್ದು ಮೇಲು. ಸೆಫ್‌ಎಡಿಎಂನ ಮೆಮೊರಿ ಆಟೋಟ್ಯೂನ್ ಚಾಲೂ ಇದ್ದರೆ ಅದು ಪ್ರತಿ ಹೋಸ್ಟಿಗೂ ತಾನೇ ಒಂದು ಮಾಸ್ಕ್ ಹಾಕಿದ ಸಾಲು ಬರೆದಿಡುತ್ತದೆ, ಹಾಗಾಗಿ ನಿಮ್ಮ ಗ್ಲೋಬಲ್ ಸಾಲಿಗೆ ಬೆಲೆಯೇ ಇರುವುದಿಲ್ಲ. ಎಲ್ಲ ಓಎಸ್‌ಡಿಗಳನ್ನೂ ಒಟ್ಟಿಗೆ ಕೇಳಿ ಹೋಲಿಸಲು "ಸೆಫ್ ಟೆಲ್ ಓಎಸ್‌ಡಿ.* ಕಾನ್ಫಿಗ್ ಗೆಟ್ ಓಎಸ್‌ಡಿ_ಮೆಮೊರಿ_ಟಾರ್ಗೆಟ್" ಎಂದು ಕೊಡಿ. ನಲವತ್ತು ಸಾಲುಗಳಲ್ಲಿ ಮೂರು ಮಾತ್ರ ಬೇರೆ ಇದ್ದರೆ ಆ ಮೂರೂ ಯಾವ ಹೋಸ್ಟಿನವು ಎಂದು ನೋಡಿ.

ಬರೆದರೂ ಕೇಳದ ವ್ಯಾಲ್ಯೂಗಳು

ಕೆಲವು ಆಯ್ಕೆಗಳನ್ನು ಸೆಫ್ ಕ್ಲಸ್ಟರ್ ಹುಟ್ಟುವಾಗ ಅಥವಾ ಓಎಸ್‌ಡಿ ಹುಟ್ಟುವಾಗ ಮಾತ್ರ ಓದುತ್ತದೆ. ಆಮೇಲೆ ಬದಲಿಸಿದರೆ ಎರರ್ ಬರುವುದಿಲ್ಲ, ಪರಿಣಾಮವೂ ಇರುವುದಿಲ್ಲ. ಇವು ಸಮಯ ತಿನ್ನುವ ತಪ್ಪುಗಳು, ಆದ್ದರಿಂದ ಒಂದೊಂದಾಗಿ ಹೇಳಬೇಕು.

ಮಾನ್_ಓಎಸ್‌ಡಿ_ಫುಲ್_ರೇಶಿಯೊ ಮತ್ತು ಅದರ ಜೊತೆಯವು. ಕ್ಲಸ್ಟರ್ ತುಂಬಿದಾಗ ಗಾಬರಿಯಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೆ. ಆದರೆ 2017ರ ಲ್ಯುಮಿನಸ್‌ನಿಂದ ಈಚೆಗೆ ನಿಜವಾದ ಮಿತಿಗಳು ಓಎಸ್‌ಡಿ ಮ್ಯಾಪಿನಲ್ಲಿವೆ: ನಿಯರ್‌ಫುಲ್ 0.85, ಬ್ಯಾಕ್‌ಫಿಲ್‌ಫುಲ್ 0.90, ಫುಲ್ 0.95. "ಸೆಫ್ ಓಎಸ್‌ಡಿ ಡಂಪ್" ಔಟ್‌ಪುಟ್‌ನ ಮೇಲ್ಭಾಗದಲ್ಲಿ ರೇಶಿಯೊ ಎಂದು ಹುಡುಕಿದರೆ ಕಾಣುತ್ತವೆ. ಬದಲಿಸುವ ಕಮಾಂಡ್ "ಸೆಫ್ ಓಎಸ್‌ಡಿ ಸೆಟ್-ಫುಲ್-ರೇಶಿಯೊ 0.96". ಇದು ಡೇಟಾ ಅಳಿಸಲು ಅಥವಾ ಹೊಸ ಡಿಸ್ಕ್ ಸೇರಿಸಲು ಸಿಗುವ ಚಿಕ್ಕ ಉಸಿರು ಮಾತ್ರ. ಕೆಲಸ ಮುಗಿದ ದಿನವೇ 0.95ಕ್ಕೆ ಹಿಂತಿರುಗಿಸಿ.

ಮಾನಿಟರಿನ ಐಪಿ. ಸೆಫ್.ಕಾನ್ಫ್‌ನ ಮಾನ್_ಹೋಸ್ಟ್ ಸಾಲು ಕ್ಲಯಂಟುಗಳು ದಾರಿ ಹುಡುಕಲು ಬಳಸುವ ವಿಳಾಸಪಟ್ಟಿ ಅಷ್ಟೆ. ಮಾನಿಟರುಗಳು ತಮ್ಮೊಳಗೆ ನಂಬುವುದು ತಮ್ಮದೇ ವಿಳಾಸಪಟ್ಟಿಯಾದ ಮಾನ್‌ಮ್ಯಾಪನ್ನು. ನೆಟ್‌ವರ್ಕ್ ಬದಲಿಸುವಾಗ ಫೈಲಿನಲ್ಲಿ ಐಪಿ ತಿದ್ದಿ ರೀಸ್ಟಾರ್ಟ್ ಮಾಡಿದರೆ ಮಾನಿಟರ್ ಹಳೆಯ ಐಪಿಯನ್ನೇ ಹುಡುಕುತ್ತದೆ. ಹೊಸ ಐಪಿಯಲ್ಲಿ ಹೊಸ ಮಾನಿಟರ್ ಸೇರಿಸಿ, ಕೋರಂ (ಮಾನಿಟರುಗಳ ಬಹುಮತ) ಆದ ಮೇಲೆ ಹಳೆಯದನ್ನು ತೆಗೆಯುವುದೇ ಸುರಕ್ಷಿತ ದಾರಿ.

ಬ್ಲೂಸ್ಟೋರ್_ಮಿನ್_ಅಲಾಕ್_ಸೈಜ್_ಎಚ್‌ಡಿಡಿ. 2021ರ ಪೆಸಿಫಿಕ್‌ಗೆ ಮುಂಚೆ ಹಾರ್ಡ್ ಡಿಸ್ಕ್‌ಗೆ ಇದು, ಅಂದರೆ ಒಂದು ಸಲಕ್ಕೆ ಕೊಡುವ ಕನಿಷ್ಠ ಜಾಗ, 64 ಕೆಬಿ ಇತ್ತು, ಆಮೇಲೆ 4 ಕೆಬಿ ಆಯಿತು. ಸಣ್ಣ ಫೈಲುಗಳು ಬಹಳ ಇರುವ ಪೂಲ್ (ಒಂದೇ ನಿಯಮದಡಿ ಡೇಟಾ ಇಡುವ ವಿಭಾಗ) ಲೆಕ್ಕಕ್ಕೆ ಮೀರಿ ಜಾಗ ತಿನ್ನುತ್ತಿದ್ದರೆ ಹಳೆಯ ಕಾಲದಲ್ಲಿ ಹುಟ್ಟಿದ ಓಎಸ್‌ಡಿಗಳು ಉಳಿದಿವೆಯೇ ನೋಡಿ. ಸೆಫ್ ಅಪ್‌ಗ್ರೇಡ್ ಮಾಡಿದರೆ ಇದು ಬದಲಾಗುವುದಿಲ್ಲ. ಆ ಓಎಸ್‌ಡಿಗಳನ್ನು ಒಂದೊಂದಾಗಿ ಖಾಲಿ ಮಾಡಿ ಹೊಸದಾಗಿ ಕಟ್ಟಬೇಕು.

ಇನ್ನು ಓಎಸ್‌ಡಿ_ಮ್ಯಾಕ್ಸ್_ಬ್ಯಾಕ್‌ಫಿಲ್ಸ್. ರಿಕವರಿ ನಿಧಾನ ಎಂದು ಇದನ್ನು 1ರಿಂದ 8ಕ್ಕೆ ಏರಿಸುತ್ತಾರೆ, ಏನೂ ಆಗುವುದಿಲ್ಲ. 2022ರ ಕ್ವಿನ್ಸಿಯಿಂದ ಎಮ್‌ಕ್ಲಾಕ್ ಶೆಡ್ಯೂಲರ್ (ಓಎಸ್‌ಡಿಯ ಕೆಲಸಗಳಿಗೆ ಸರದಿ ಹಂಚುವ ಭಾಗ) ಡಿಫಾಲ್ಟ್ ಆಗಿದೆ. ಓಎಸ್‌ಡಿ_ಎಮ್‌ಕ್ಲಾಕ್_ಓವರ್‌ರೈಡ್_ರಿಕವರಿ_ಸೆಟಿಂಗ್ಸ್ ಅನ್ನು ಟ್ರೂ ಮಾಡದೆ ಅದು ಈ ವ್ಯಾಲ್ಯೂಗಳನ್ನು ಒಪ್ಪುವುದಿಲ್ಲ. ಆದರೆ ಅದಕ್ಕೂ ಮುಂಚೆ ನೋಡಬೇಕಾದ್ದು ಬೇರೆ. ಓಎಸ್‌ಡಿ ಮೊದಲ ಸಲ ಏಳುವಾಗ ತನ್ನ ಡಿಸ್ಕಿನ ವೇಗವನ್ನು ತಾನೇ ಅಳೆದು, ಓಎಸ್‌ಡಿ_ಎಮ್‌ಕ್ಲಾಕ್_ಮ್ಯಾಕ್ಸ್_ಕೆಪಾಸಿಟಿ_ಐಓಪಿಎಸ್ ಎಂದು ಶುರುವಾಗುವ (ಕೊನೆಯಲ್ಲಿ _ಎಚ್‌ಡಿಡಿ ಅಥವಾ _ಎಸ್‌ಎಸ್‌ಡಿ) ಹೆಸರಿನಲ್ಲಿ ಕೇಂದ್ರ ಡೇಟಾಬೇಸಿಗೆ ಬರೆದಿಡುತ್ತದೆ. ಅಳೆಯುವ ಆ ಹೊತ್ತಿಗೆ ಡಿಸ್ಕ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ತೀರಾ ಕಡಿಮೆ ಸಂಖ್ಯೆ ದಾಖಲಾಗುತ್ತದೆ, ಓಎಸ್‌ಡಿ ಆ ಸಂಖ್ಯೆಗೆ ತಕ್ಕಂತೆ ತೆವಳುತ್ತದೆ. ಹಾರ್ಡ್ ಡಿಸ್ಕಿನ ಡಿಫಾಲ್ಟ್ 315, ಎಸ್‌ಎಸ್‌ಡಿಯದು 21500. ಕಾನ್ಫಿಗ್ ಡಂಪ್‌ನಲ್ಲಿ ಒಂದೇ ಮಾದರಿಯ ಹನ್ನೆರಡು ಡಿಸ್ಕುಗಳಲ್ಲಿ ಹನ್ನೊಂದಕ್ಕೆ 300ರ ಆಸುಪಾಸು, ಒಂದಕ್ಕೆ ಮಾತ್ರ 40 ಎಂದಿದ್ದರೆ, "ಸೆಫ್ ಕಾನ್ಫಿಗ್ ಆರ್‌ಎಮ್" ಬಳಸಿ ಆ ಒಂದು ಸಾಲು ತೆಗೆದು, ಕ್ಲಸ್ಟರ್ ತಣ್ಣಗಿರುವಾಗ ಆ ಓಎಸ್‌ಡಿ ರೀಸ್ಟಾರ್ಟ್ ಮಾಡಿ.

ಕಮಾಂಡೇ ಉತ್ತರಿಸದಿದ್ದರೆ

"ಸೆಫ್ -ಎಸ್" ಕೊಟ್ಟು ಕರ್ಸರ್ ಸುಮ್ಮನೆ ಮಿಣುಕುತ್ತಿದ್ದರೆ ಮಾನಿಟರುಗಳಿಗೆ ಕೋರಂ ಇಲ್ಲ, ಅಥವಾ ನಿಮ್ಮ ಯಂತ್ರಕ್ಕೆ ಅವು ಕಾಣುತ್ತಿಲ್ಲ. ಕೋರಂ ಇಲ್ಲದಿದ್ದರೂ ಆಡ್ಮಿನ್ ಸಾಕೆಟ್ (ಅದೇ ಯಂತ್ರದಿಂದ ಡೀಮನ್ ಜೊತೆ ನೇರ ಮಾತಾಡುವ ದಾರಿ) ಉತ್ತರ ಕೊಡುತ್ತದೆ. ಮಾನಿಟರ್ ಇರುವ ಯಂತ್ರಕ್ಕೇ ಹೋಗಿ "ಸೆಫ್ ಡೀಮನ್ ಮಾನ್." ಜೊತೆಗೆ ಅದರ ಹೆಸರು, ನಂತರ "ಮಾನ್_ಸ್ಟೇಟಸ್" ಎಂದು ಕೊಡಿ, ಕಂಟೇನರ್ ಆದರೆ ಅದರೊಳಗೆ ಹೊಕ್ಕು ಕೊಡಿ. ಸ್ಟೇಟ್ ಎಂಬಲ್ಲಿ ಪ್ರೋಬಿಂಗ್ ಎಂದಿದ್ದರೆ ಅದು ಜೊತೆಗಾರರನ್ನು ಹುಡುಕುತ್ತಲೇ ಇದೆ. ಕೆಳಗೆ ಬರುವ ಮಾನ್‌ಮ್ಯಾಪಿನ ಐಪಿಗಳು ನಿಜವಾದ ಐಪಿಗಳೇ, 3300 ಮತ್ತು 6789 ಪೋರ್ಟುಗಳು ಎರಡೂ ದಿಕ್ಕಿನಲ್ಲಿ ತೆರೆದಿವೆಯೇ ನೋಡಿ. ಎಲೆಕ್ಟಿಂಗ್‌ನಲ್ಲೇ ಸುತ್ತುತ್ತಿದ್ದರೆ ಗಡಿಯಾರದ ಮೇಲೆ ಅನುಮಾನ ಪಡಿ. ಮಾನಿಟರುಗಳ ನಡುವೆ ಅನುಮತಿ ಇರುವ ವ್ಯತ್ಯಾಸ 0.05 ಸೆಕೆಂಡ್ ಮಾತ್ರ. ಪ್ರತಿ ಯಂತ್ರದಲ್ಲೂ "ಕ್ರೋನಿಸಿ ಸೋರ್ಸಸ್" ನೋಡಿ. ಮೂರೂ ಮಾನಿಟರುಗಳು ಒಂದೇ ಟೈಮ್ ಸರ್ವರನ್ನು ಹಿಡಿದಿರಬೇಕು. ಮಾನ್_ಕ್ಲಾಕ್_ಡ್ರಿಫ್ಟ್_ಅಲೌಡ್ ಅನ್ನು 1 ಸೆಕೆಂಡಿಗೆ ಏರಿಸಿ ಎಚ್ಚರಿಕೆಯ ಬಾಯಿ ಮುಚ್ಚಿಸುವುದು ಪರಿಹಾರವಲ್ಲ.

ಮಾನಿಟರುಗಳ ಸಂಖ್ಯೆ 3 ಅಥವಾ 5 ಇರಲಿ. 4 ಇಟ್ಟರೆ 3 ಇದ್ದಷ್ಟೇ ಸಹಿಷ್ಣುತೆ, ಒಂದು ಬಿದ್ದರೆ ಮಾತ್ರ ಉಳಿಯುತ್ತದೆ.

ನೆಟ್‌ವರ್ಕ್: ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಓಎಸ್‌ಡಿಗಳು ಒಮ್ಮೆ ಡೌನ್, ಒಮ್ಮೆ ಅಪ್ ಎಂದು ಕುಣಿಯುತ್ತಿದ್ದರೆ ಬಹುತೇಕ ಸಲ ನೆಟ್‌ವರ್ಕ್ ಸೆಟಿಂಗ್ ಕಾರಣ. ಆದರೆ ಡೌನ್ ಎಂದು ಗುರುತಾದ ಓಎಸ್‌ಡಿಯ ಡಿಸ್ಕನ್ನೇ ಬದಲಿಸಿಬಿಡುವವರೂ ಇದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ.

ಓಎಸ್‌ಡಿಗಳು ಸುಮಾರು 6 ಸೆಕೆಂಡಿಗೊಮ್ಮೆ ಒಂದನ್ನೊಂದು ಮುಟ್ಟಿ ನೋಡುತ್ತವೆ. 20 ಸೆಕೆಂಡ್ ಉತ್ತರ ಬರದಿದ್ದರೆ ಮಾನಿಟರಿಗೆ ದೂರು ಹೋಗುತ್ತದೆ. ಬೇರೆ ಬೇರೆ ಹೋಸ್ಟಿನ ಇಬ್ಬರು ದೂರು ಕೊಟ್ಟರೆ ಮಾನಿಟರ್ ಆ ಓಎಸ್‌ಡಿಯನ್ನು ಡೌನ್ ಎನ್ನುತ್ತದೆ. ಈ ಮುಟ್ಟಿ ನೋಡುವಿಕೆ ಎರಡು ದಾರಿಯಲ್ಲಿ ನಡೆಯುತ್ತದೆ: ಕ್ಲಯಂಟುಗಳೂ ಬಳಸುವ ಪಬ್ಲಿಕ್ ನೆಟ್‌ವರ್ಕ್ ಮೇಲೆ ಫ್ರಂಟ್, ಓಎಸ್‌ಡಿಗಳ ನಡುವಿನ ಕ್ಲಸ್ಟರ್ ನೆಟ್‌ವರ್ಕ್ ಮೇಲೆ ಬ್ಯಾಕ್. ದೂರು ಕೊಟ್ಟ ಓಎಸ್‌ಡಿಯ ಲಾಗಿನಲ್ಲಿ "ಹಾರ್ಟ್‌ಬೀಟ್_ಚೆಕ್: ನೋ ರಿಪ್ಲೈ ಫ್ರಮ್" ಎಂದು ಶುರುವಾಗುವ ಸಾಲು ಹುಡುಕಿ ನಿಧಾನಕ್ಕೆ ಓದಿ. ಅದರಲ್ಲಿ ಬ್ಯಾಕ್ ಪಕ್ಕ ಒಂದು ಸಮಯ, ಫ್ರಂಟ್ ಪಕ್ಕ ಒಂದು ಸಮಯ ಇರುತ್ತದೆ. ಫ್ರಂಟ್ ಸಮಯ ಈಗಿನದು, ಬ್ಯಾಕ್ ಸಮಯ ಅರ್ಧ ನಿಮಿಷ ಹಳೆಯದು ಎಂದಾದರೆ ಕ್ಲಸ್ಟರ್ ನೆಟ್‌ವರ್ಕ್‌ನಲ್ಲಿ ಮಾತ್ರ ತೊಂದರೆ. ಎರಡೂ ಒಟ್ಟಿಗೆ ಹಳೆಯದಾದರೆ ಆ ಹೋಸ್ಟೋ, ಆ ಡಿಸ್ಕೋ ನಿಜವಾಗಿ ಸಿಕ್ಕಿಕೊಂಡಿರಬಹುದು. "ಎವರ್" ಎಂಬ ಪದ ಬಂದು, ಎರಡೂ ದಾರಿಯಲ್ಲಿ ಯಾವತ್ತೂ ಉತ್ತರ ಬಂದಿಲ್ಲ ಎಂದಿದ್ದರೆ ಫೈರ್‌ವಾಲ್ ಅಥವಾ ತಪ್ಪು ವಿಳಾಸ. ಓಎಸ್‌ಡಿಗಳಿಗೆ 6800ರಿಂದ 7568ರವರೆಗಿನ ಪೋರ್ಟುಗಳನ್ನು ತೆರೆಯಿರಿ. ಹಳೆಯ ಆವೃತ್ತಿಗಳು 7300ರವರೆಗೆ ಬಳಸುತ್ತವೆ. ಒಂದು ಹೋಸ್ಟಿಗೆ ಡಿಸ್ಕುಗಳು ಹೆಚ್ಚಾದ ದಿನ, ಕೇವಲ ನೂರು ಪೋರ್ಟ್ ತೆರೆದಿಟ್ಟ ಫೈರ್‌ವಾಲ್ ಕೈ ಕೊಡುತ್ತದೆ.

ಯಾವ ಓಎಸ್‌ಡಿ ಯಾವ ವಿಳಾಸಕ್ಕೆ ಅಂಟಿಕೊಂಡಿದೆ ಎಂಬುದನ್ನು "ಸೆಫ್ ಓಎಸ್‌ಡಿ ಮೆಟಾಡೇಟಾ 12" ಹೇಳುತ್ತದೆ. ಫ್ರಂಟ್_ಆಡ್ರ್, ಬ್ಯಾಕ್_ಆಡ್ರ್ ಸಾಲುಗಳನ್ನು ನೋಡಿ. ಕ್ಲಸ್ಟರ್_ನೆಟ್‌ವರ್ಕ್ ಬದಲಿಸಿದ ಮೇಲೆ ಕೆಲವು ಓಎಸ್‌ಡಿ ಮಾತ್ರ ರೀಸ್ಟಾರ್ಟ್ ಆಗಿದ್ದರೆ ಅರ್ಧ ಓಎಸ್‌ಡಿಗಳು ಹಳೆಯ ಸಬ್‌ನೆಟ್‌ನಲ್ಲಿ, ಅರ್ಧ ಹೊಸದರಲ್ಲಿ ಇರುತ್ತವೆ, ಏಕೆಂದರೆ ವಿಳಾಸ ಹಿಡಿಯುವುದು ಏಳುವಾಗ ಮಾತ್ರ. ಸಬ್‌ನೆಟ್ ಮಾಸ್ಕ್ ತಪ್ಪಿದರೂ ಇಲ್ಲೇ ಸಿಗುತ್ತದೆ: ಪಬ್ಲಿಕ್_ನೆಟ್‌ವರ್ಕ್ 10.20.0.0/24 ಎಂದು ಬರೆದು, ಹೊಸ ಹೋಸ್ಟಿಗೆ 10.20.1.15 ಕೊಟ್ಟರೆ ಆ ಹೋಸ್ಟಿನ ಓಎಸ್‌ಡಿ ತನಗೆ ಹೊಂದುವ ವಿಳಾಸವೇ ಇಲ್ಲವೆಂದು ಏಳುವುದಿಲ್ಲ.

ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಹೊಂದದಿರುವುದು ಬಹಳ ಮೋಸಗಾರ ತಪ್ಪು. ಸರ್ವರುಗಳಲ್ಲಿ 9000 ಇಟ್ಟಿದ್ದೀರಿ, ಸ್ವಿಚ್ಚಿನ ಒಂದು ಪೋರ್ಟಿನಲ್ಲಿ 1500 ಉಳಿದಿದೆ. ಸಾಮಾನ್ಯ ಪಿಂಗ್ ಹೊರುವುದು 56 ಬೈಟ್; ಅದು ಸಲೀಸಾಗಿ ಹೋಗುತ್ತದೆ. ಎಸ್‌ಎಸ್‌ಎಚ್ ಲಾಗಿನ್ ಕೂಡ ಆಗಬಹುದು. ಸೆಫ್‌ನ ಹಾರ್ಟ್‌ಬೀಟ್ ಮಾತ್ರ ಬೇಕೆಂದೇ ಕನಿಷ್ಠ 2000 ಬೈಟ್‌ಗೆ ಉಬ್ಬಿಸಿ ಕಳಿಸಿದ್ದು, ಇಂಥ ತಪ್ಪು ಬಯಲಿಗೆ ಬರಲಿ ಎಂದು. ಆದ್ದರಿಂದ "ಪಿಂಗ್ ಆಗುತ್ತಿದೆ, ಆದರೂ ಓಎಸ್‌ಡಿ ಡೌನ್" ಎಂದರೆ ಮೊದಲು ಹೀಗೆ ಪರೀಕ್ಷಿಸಿ:

ಪಿಂಗ್ -ಎಮ್ ಡು -ಎಸ್ 8972 (ಎದುರಿನ ಐಪಿ)

ಇಲ್ಲಿ ಎಮ್ ದೊಡ್ಡಕ್ಷರ, ಎಸ್ ಸಣ್ಣಕ್ಷರ. 9000ದಲ್ಲಿ ಐಪಿ ಹೆಡರಿಗೆ 20, ಐಸಿಎಂಪಿಗೆ 8 ಕಳೆದರೆ 8972. ಇದು ಹೋಗದೆ 1472 ಹೋದರೆ ಉತ್ತರ ಸಿಕ್ಕಿತು. ಎರಡು ನೆಟ್‌ವರ್ಕಿನಲ್ಲೂ, ಪ್ರತಿ ಹೋಸ್ಟಿನಿಂದ ಪ್ರತಿ ಹೋಸ್ಟಿಗೂ, ಎರಡೂ ದಿಕ್ಕಿನಲ್ಲಿ ನೋಡಿ. ಬಾಂಡ್ ಮಾಡಿದ ಎರಡು ಕೇಬಲ್‌ಗಳಲ್ಲಿ ಒಂದರ ಸ್ವಿಚ್ ಪೋರ್ಟ್ ಮಾತ್ರ ತಪ್ಪಿದ್ದರೆ ಕೆಲವು ಜೋಡಿಗಳಷ್ಟೇ ಸೋಲುತ್ತವೆ.

10 ನಿಮಿಷದೊಳಗೆ 5ಕ್ಕಿಂತ ಹೆಚ್ಚು ಸಲ ಡೌನ್ ಎನಿಸಿಕೊಂಡ ಓಎಸ್‌ಡಿ ತಾನೇ ನಿಂತುಬಿಡುತ್ತದೆ. ಇದನ್ನು ತಡೆಯಲು ಹಾರ್ಟ್‌ಬೀಟ್ ಗ್ರೇಸನ್ನು 20ರಿಂದ 60ಕ್ಕೆ ಏರಿಸುವ ಸಲಹೆ ಸಿಗುತ್ತದೆ. ಬೇಡ. ನಿಜವಾಗಿ ಓಎಸ್‌ಡಿ ಸತ್ತ ದಿನ ಕ್ಲಯಂಟುಗಳು ಒಂದು ನಿಮಿಷ ಉಸಿರು ಹಿಡಿದು ಕಾಯಬೇಕಾಗುತ್ತದೆ. ಮತ್ತೊಂದು ಮಾತು: ಪ್ರತ್ಯೇಕ ಕ್ಲಸ್ಟರ್ ನೆಟ್‌ವರ್ಕ್ ಕಡ್ಡಾಯವಲ್ಲ. ಸಣ್ಣ ಕ್ಲಸ್ಟರಿಗೆ 25 ಗಿಗಾಬಿಟ್‌ನ ಎರಡು ಪೋರ್ಟುಗಳನ್ನು ಬಾಂಡ್ ಮಾಡಿ ಒಂದೇ ನೆಟ್‌ವರ್ಕ್ ಇಟ್ಟರೆ ತಪ್ಪಾಗುವ ಜಾಗಗಳೇ ಅರ್ಧಕ್ಕೆ ಇಳಿಯುತ್ತವೆ.

ಕ್ರಶ್ ಮ್ಯಾಪಿನಲ್ಲಿ ಹಸಿರು ಬಣ್ಣದ ಹಿಂದಿನ ಅಪಾಯ

ಹೆಲ್ತ್ ಓಕೆ ಇದ್ದಾಗಲೂ "ಸೆಫ್ ಓಎಸ್‌ಡಿ ಟ್ರೀ" ಓದಿ. ಒಂದು ಹೋಸ್ಟ್ ಎರಡು ಹೆಸರಲ್ಲಿ ಕಾಣುತ್ತಿದೆಯೇ? ಸ್ಟೋರ್3 ಎಂದು ಒಂದು, ಸ್ಟೋರ್-3 ಎಂದು ಇನ್ನೊಂದು? ಓಎಸ್‌ಡಿ ಏಳುವಾಗ ತನ್ನ ಹೋಸ್ಟ್ ಹೆಸರು ಕೇಳಿ, ಆ ಹೆಸರಿನ ಬಕೆಟ್ಟಿನ (ಕ್ರಶ್ ಮ್ಯಾಪಿನ ಗುಂಪಿನ) ಕೆಳಗೆ ತಾನೇ ಹೋಗಿ ಕೂರುತ್ತದೆ. ಓಎಸ್‌ಡಿ_ಕ್ರಶ್_ಅಪ್‌ಡೇಟ್_ಆನ್_ಸ್ಟಾರ್ಟ್ ಡಿಫಾಲ್ಟ್ ಆಗಿ ಟ್ರೂ. ಯಾರೋ ಹೋಸ್ಟ್ ಹೆಸರನ್ನು ಬದಲಿಸಿ ಎರಡು ಓಎಸ್‌ಡಿ ರೀಸ್ಟಾರ್ಟ್ ಮಾಡಿದರೆ, ಒಂದೇ ಯಂತ್ರ ಕ್ರಶ್ ಕಣ್ಣಿಗೆ ಎರಡು ಯಂತ್ರವಾಗುತ್ತದೆ. ಆಗ ಎರಡು ಪ್ರತಿಗಳು ಆ ಒಂದೇ ಪೆಟ್ಟಿಗೆಗೆ ಬೀಳಬಹುದು. ಪವರ್ ಸಪ್ಲೈ ಸುಟ್ಟ ದಿನ ಅದು ಗೊತ್ತಾಗುವುದು ಬೇಡ.

ಸರಿಪಡಿಸುವ ಕ್ರಮ: "ಸೆಫ್ ಓಎಸ್‌ಡಿ ಸೆಟ್ ನೋರೀಬ್ಯಾಲೆನ್ಸ್" ಕೊಡಿ. ಹೋಸ್ಟ್ ಹೆಸರನ್ನು ಮೊದಲಿದ್ದಂತೆ ಮಾಡಿ. ಸೆಫ್‌ಎಡಿಎಂ ಆದರೆ "ಸೆಫ್ ಆರ್ಕ್ ಹೋಸ್ಟ್ ಎಲ್‌ಎಸ್" ಪಟ್ಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಒಂದೇ ಓಎಸ್‌ಡಿ ರೀಸ್ಟಾರ್ಟ್ ಮಾಡಿ, ಟ್ರೀಯಲ್ಲಿ ಹಳೆಯ ಬಕೆಟ್ಟಿಗೆ ಮರಳಿತೇ ನೋಡಿ, ಆಮೇಲೆ ಉಳಿದವು. ಖಾಲಿಯಾದ ಬಕೆಟ್ಟನ್ನು "ಸೆಫ್ ಓಎಸ್‌ಡಿ ಕ್ರಶ್ ಆರ್‌ಎಮ್" ಬಳಸಿ ತೆಗೆದು, ಕೊನೆಗೆ ಫ್ಲ್ಯಾಗ್ ಬಿಚ್ಚಿ. ನೋಬ್ಯಾಕ್‌ಫಿಲ್‌ಗಿಂತ ನೋರೀಬ್ಯಾಲೆನ್ಸ್ ಏಕೆಂದರೆ, ಪ್ರತಿ ಕಡಿಮೆಯಾದ ಪಿಜಿಗಳ ದುರಸ್ತಿಯನ್ನು ಇದು ತಡೆಯುವುದಿಲ್ಲ, ಸುಮ್ಮನೆ ಜಾಗ ಬದಲಿಸುವುದನ್ನು ಮಾತ್ರ ತಡೆಯುತ್ತದೆ.

ಇದೇ ಅಪಾಯ ಇನ್ನೊಂದು ವೇಷದಲ್ಲೂ ಬರುತ್ತದೆ. ಪರೀಕ್ಷೆಗೆಂದು ಒಂದೇ ಯಂತ್ರದಲ್ಲಿ ಶುರು ಮಾಡಿ ಆಮೇಲೆ ಬೆಳೆಸಿದ ಕ್ಲಸ್ಟರಿನಲ್ಲಿ ರೂಲ್ "ಹೋಸ್ಟ್" ಬದಲು "ಓಎಸ್‌ಡಿ" ಮಟ್ಟದಲ್ಲೇ ಉಳಿದಿರುತ್ತದೆ. "ಸೆಫ್ ಓಎಸ್‌ಡಿ ಕ್ರಶ್ ರೂಲ್ ಡಂಪ್"ನಲ್ಲಿ ಚೂಸ್ ಅಥವಾ ಚೂಸ್‌ಲೀಫ್ ಹೆಜ್ಜೆಯ ಟೈಪ್ ಏನೆಂದು ನೋಡಿ. ಓಎಸ್‌ಡಿ ಎಂದಿದ್ದರೆ "ಕ್ರಶ್ ರೂಲ್ ಕ್ರಿಯೇಟ್-ರೆಪ್ಲಿಕೇಟೆಡ್"ನಿಂದ ಹೋಸ್ಟ್ ಮಟ್ಟದ ಹೊಸ ರೂಲ್ ಮಾಡಿ, "ಓಎಸ್‌ಡಿ ಪೂಲ್ ಸೆಟ್"ನ ಕ್ರಶ್_ರೂಲ್‌ಗೆ ಅದನ್ನು ಕೊಡಿ. ಡೇಟಾ ಬಹಳಷ್ಟು ಓಡಾಡುತ್ತದೆ, ರಾತ್ರಿ ಹೊತ್ತು ಇಟ್ಟುಕೊಳ್ಳಿ.

ಇರೇಶರ್ ಕೋಡಿಂಗ್ ಪೂಲಿನಲ್ಲಿ (ಪೂರ್ತಿ ಪ್ರತಿಗಳ ಬದಲು ಡೇಟಾವನ್ನು ತುಂಡು ಮಾಡಿ ಇಡುವ ಪೂಲ್) ಕೆ (ಡೇಟಾ ತುಂಡುಗಳು) 4, ಎಂ (ರಕ್ಷಣೆಯ ಹೆಚ್ಚುವರಿ ತುಂಡುಗಳು) 2 ಇಟ್ಟು, ಹೋಸ್ಟ್ ಮಟ್ಟದ ರೂಲ್ ಕೊಟ್ಟರೆ ಕನಿಷ್ಠ 6 ಹೋಸ್ಟ್ ಬೇಕು. 4 ಹೋಸ್ಟಿನ ಕ್ಲಸ್ಟರಿನಲ್ಲಿ ಈ ಪೂಲ್ ಏಳುವುದೇ ಇಲ್ಲ. ಪಿಜಿ ಡಂಪ್‌ನ ಆಕ್ಟಿಂಗ್ ಸೆಟ್ಟಿನಲ್ಲಿ 2147483647 ಎಂಬ ವಿಚಿತ್ರ ಸಂಖ್ಯೆ ಕಂಡರೆ ಅದು ಓಎಸ್‌ಡಿ ನಂಬರಲ್ಲ. ಆ ತುಂಡನ್ನು ಇಡಲು ಕ್ರಶ್‌ಗೆ ಜಾಗ ಸಿಗಲಿಲ್ಲ ಎಂಬ ಗುರುತು. ಸರಿಯಾಗಿ 6 ಹೋಸ್ಟ್ ಇದ್ದೂ ಒಂದೆರಡು ಪಿಜಿಯಲ್ಲಿ ಈ ಸಂಖ್ಯೆ ಉಳಿದರೆ, ಕ್ರಶ್ ಹುಡುಕಿ ಸೋತಿದೆ. ಮ್ಯಾಪಿನಲ್ಲಿ ಆ ಪೂಲಿನ ರೂಲಿನ ಸೆಟ್_ಚೂಸ್_ಟ್ರೈಸ್ ಸಂಖ್ಯೆಯನ್ನು ಏರಿಸಿ, ಹಾಕುವ ಮುಂಚೆ "ಕ್ರಶ್‌ಟೂಲ್ --ಟೆಸ್ಟ್ --ಶೋ-ಬ್ಯಾಡ್-ಮ್ಯಾಪಿಂಗ್ಸ್" ಓಡಿಸಿ, ಏನೂ ಪ್ರಿಂಟ್ ಆಗದಿದ್ದರೆ ಮಾತ್ರ ಹಾಕಿ. ಕೆ ಮತ್ತು ಎಂ ಮಾತ್ರ ಪೂಲ್ ಹುಟ್ಟಿದ ಮೇಲೆ ಬದಲಾಗುವುದಿಲ್ಲ. ಹೊಸ ಪೂಲ್ ಮಾಡಿ ಡೇಟಾ ಸಾಗಿಸಬೇಕು.

ಸಾಮಾನ್ಯ ಪೂಲುಗಳಿಗೆ ಸೈಜ್ (ಪ್ರತಿಗಳ ಸಂಖ್ಯೆ) 3, ಮಿನ್_ಸೈಜ್ (ಕೆಲಸ ನಡೆಯಲು ಬೇಕಾದ ಕನಿಷ್ಠ ಪ್ರತಿಗಳು) 2. ಜಾಗ ಉಳಿಸಲು ಸೈಜ್ 2, ಮಿನ್_ಸೈಜ್ 1 ಇಡುವುದು ಡೇಟಾ ಕಳೆಯುವ ನೇರ ದಾರಿ. ಒಂದು ಓಎಸ್‌ಡಿ ರೀಸ್ಟಾರ್ಟ್‌ನಲ್ಲಿದ್ದಾಗ ಉಳಿದ ಒಂದೇ ಪ್ರತಿ ರೈಟ್‌ಗಳನ್ನು ಒಪ್ಪುತ್ತದೆ. ಆ ಡಿಸ್ಕ್ ಆಗಲೇ ಸತ್ತರೆ, ಮರಳಿ ಎದ್ದ ಓಎಸ್‌ಡಿಯಲ್ಲಿರುವುದು ಹಳೆಯ ಡೇಟಾ.

ಪಿಜಿ ಲೆಕ್ಕ, ಮೆಮೊರಿ, ಕೀಲಿ

"ಸೆಫ್ ಓಎಸ್‌ಡಿ ಪೂಲ್ ಆಟೋಸ್ಕೇಲ್-ಸ್ಟೇಟಸ್" ಖಾಲಿ ಬಂದರೆ ಗಾಬರಿ ಬೇಡ. ಒಂದು ಪೂಲಿನ ರೂಲ್ ಎಸ್‌ಎಸ್‌ಡಿ ಕ್ಲಾಸಿಗೆ, ಇನ್ನೊಂದರದು ಎಲ್ಲ ಡಿಸ್ಕಿಗೆ ಎಂದಿದ್ದರೆ ಎರಡರ ಜಾಗ ಒಂದರ ಮೇಲೊಂದು ಬೀಳುತ್ತದೆ, ಪಿಜಿ ಸಂಖ್ಯೆಯನ್ನು ತಾನೇ ಹೊಂದಿಸುವ ಆಟೋಸ್ಕೇಲರ್ ಕೈ ಬಿಡುತ್ತದೆ. ಹೆಚ್ಚಾಗಿ ಇದಕ್ಕೆ ಕಾರಣ .ಎಂಜಿಆರ್ ಎಂಬ ಪುಟ್ಟ ಪೂಲು ಡಿಫಾಲ್ಟ್ ರೂಲ್‌ನಲ್ಲೇ ಉಳಿದಿರುವುದು; ಅದಕ್ಕೂ ಒಂದು ಕ್ಲಾಸ್ ರೂಲ್ ಕೊಡಿ. ಕೈಯಿಂದ ಲೆಕ್ಕ ಹಾಕುವುದಾದರೆ ಓಎಸ್‌ಡಿಗೆ 100 ಪಿಜಿ ಗುರಿ: 12 ಓಎಸ್‌ಡಿ, ಸೈಜ್ 3 ಆದರೆ 1200ನ್ನು 3ರಿಂದ ಭಾಗಿಸಿ 400, ಹತ್ತಿರದ ಎರಡರ ಘಾತ 512. ಇದು ಎಲ್ಲ ಪೂಲುಗಳಿಗೂ ಸೇರಿ, ಒಂದೊಂದು ಪೂಲಿಗಲ್ಲ. ಮಿತಿ ಮೀರಿದ ಕ್ಲಸ್ಟರಿನಲ್ಲಿ ಒಂದು ಹೋಸ್ಟ್ ಬಿದ್ದಾಗ ಪಿಜಿಗಳು ಆಕ್ಟಿವೇಟಿಂಗ್‌ನಲ್ಲಿ ನಿಂತುಬಿಡಬಹುದು. ತುರ್ತಿಗೆ ಮಾನ್_ಮ್ಯಾಕ್ಸ್_ಪಿಜಿ_ಪರ್_ಓಎಸ್‌ಡಿ ಏರಿಸಿ, ಆದರೆ ಹೆಸರಲ್ಲಿ ಮಾನ್ ಇದೆಯೆಂದು ಮಾನ್ ವಿಭಾಗದಲ್ಲಿ ಮಾತ್ರ ಬರೆಯಬೇಡಿ. ಓಎಸ್‌ಡಿಗಳೂ ಇದನ್ನು ಓದುತ್ತವೆ, ಗ್ಲೋಬಲ್‌ನಲ್ಲಿ ಬರೆಯಿರಿ.

ಮೆಮೊರಿಯ ಲೆಕ್ಕ ಸರಳ: ಓಎಸ್‌ಡಿ_ಮೆಮೊರಿ_ಟಾರ್ಗೆಟ್ ಡಿಫಾಲ್ಟ್ 4 ಜಿಬಿ, 12 ಡಿಸ್ಕಿನ ಹೋಸ್ಟಿಗೆ 48 ಜಿಬಿ. ಇದು ಗುರಿಯೇ ಹೊರತು ಬೇಲಿಯಲ್ಲ, ರಿಕವರಿ ಹೊತ್ತಿನಲ್ಲಿ ಮೀರುತ್ತದೆ. 32 ಜಿಬಿ ಯಂತ್ರದಲ್ಲಿ ಕರ್ನಲ್ ಓಎಸ್‌ಡಿಗಳನ್ನು ಕೊಲ್ಲುತ್ತಿರುವುದು ಡಿಎಮ್‌ಇಎಸ್‌ಜಿ (ಕರ್ನಲ್ ಸಂದೇಶಗಳ) ಔಟ್‌ಪುಟ್‌ನಲ್ಲಿ ಕಾಣುತ್ತದೆ. ಆಟೋಟ್ಯೂನ್ ಯಂತ್ರದ ಮೆಮೊರಿಯ 0.7 ಭಾಗವನ್ನು ತೆಗೆದುಕೊಳ್ಳುತ್ತದೆ. ಅದೇ ಯಂತ್ರದಲ್ಲಿ ವರ್ಚುಯಲ್ ಮಷೀನುಗಳೂ ಇದ್ದರೆ 0.2ಕ್ಕೆ ಇಳಿಸಿ.

ಕೀಲಿಯ, ಅಂದರೆ ಕ್ಲಯಂಟಿಗೆ ಅನುಮತಿ ಕೊಡುವ ಗುರುತಿನ, ತಪ್ಪು ತಿಂಗಳುಗಟ್ಟಲೆ ಮಲಗಿರುತ್ತದೆ. ಹೈಪರ್‌ವೈಸರ್ ಒಂದು ಹಠಾತ್ ಬಿದ್ದು, ಅದರ ವರ್ಚುಯಲ್ ಮಷೀನನ್ನು ಬೇರೆ ಕಡೆ ಎಬ್ಬಿಸಿದಾಗ ಫೈಲ್ ಸಿಸ್ಟಂ ಬರೆಯಲು ಒಪ್ಪುವುದಿಲ್ಲ. ಸತ್ತ ಕ್ಲಯಂಟ್ ಹಿಡಿದಿದ್ದ ಲಾಕ್ ಮುರಿಯಬೇಕಾದರೆ ಅದನ್ನು ಬ್ಲಾಕ್‌ಲಿಸ್ಟ್ ಮಾಡುವ ಅನುಮತಿ ಬೇಕು, ಹಳೆಯ ಕೀಲಿಯಲ್ಲಿ ಮಾನಿಟರ್ ಮೇಲೆ ಬರೀ "ಅಲೌ ಆರ್" ಇರುತ್ತದೆ. "ಸೆಫ್ ಆಥ್ ಗೆಟ್" ನೋಡಿ. ಮಾನ್ ಮತ್ತು ಓಎಸ್‌ಡಿ ಎರಡಕ್ಕೂ "ಪ್ರೊಫೈಲ್ ಆರ್‌ಬಿಡಿ" ಇರಬೇಕು. ತಿದ್ದುವಾಗ ಎಚ್ಚರ: "ಸೆಫ್ ಆಥ್ ಕ್ಯಾಪ್ಸ್" ಹಳೆಯದಕ್ಕೆ ಸೇರಿಸುವುದಿಲ್ಲ, ಪೂರ್ತಿ ಅಳಿಸಿ ಹೊಸದು ಬರೆಯುತ್ತದೆ. ಮಾನ್ ಭಾಗ ಮಾತ್ರ ಕೊಟ್ಟರೆ ಓಎಸ್‌ಡಿ ಭಾಗ ಹೋಗಿ ಓಡುತ್ತಿರುವ ಮಷೀನುಗಳೆಲ್ಲ ನಿಲ್ಲುತ್ತವೆ.

ತಿದ್ದುವ ಹೊತ್ತಿನಲ್ಲಿ

ಒಂದು ಸಲಕ್ಕೆ ಒಂದೇ ವ್ಯಾಲ್ಯೂ. ಮೊದಲು ಒಂದೇ ಓಎಸ್‌ಡಿಗೆ, "ಸೆಫ್ ಕಾನ್ಫಿಗ್ ಸೆಟ್ ಓಎಸ್‌ಡಿ.12" ಎಂದು ಕೊಟ್ಟು, ಶೋ ಕಮಾಂಡಿನಲ್ಲಿ ಸೋರ್ಸ್ ಮಾನ್ ಎಂದು ಬಂದಿದೆಯೇ ನೋಡಿ. ಸರಿ ಕಂಡರೆ ಇಡೀ ಓಎಸ್‌ಡಿ ವಿಭಾಗಕ್ಕೆ ಬರೆದು, ಓಎಸ್‌ಡಿ.12ರ ಸಾಲನ್ನು ಆರ್‌ಎಮ್ ಮಾಡಿ. ಬಿಟ್ಟರೆ ಮುಂದಿನ ವರ್ಷ ಆ ಒಂದು ಓಎಸ್‌ಡಿ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ರೀಸ್ಟಾರ್ಟ್ ಬೇಕಾದರೆ "ಸೆಫ್ ಓಎಸ್‌ಡಿ ಸೆಟ್ ನೋಔಟ್" ಹಾಕಿ, "ಸೆಫ್ ಓಎಸ್‌ಡಿ ಓಕೆ-ಟು-ಸ್ಟಾಪ್" ಕೇಳಿ, ಒಂದು ಹೋಸ್ಟ್ ಮುಗಿಸಿ ಎಲ್ಲ ಪಿಜಿಗಳೂ ಆಕ್ಟಿವ್+ಕ್ಲೀನ್ ಆಗುವವರೆಗೆ ಕಾದು ಮುಂದಿನದಕ್ಕೆ ಹೋಗಿ.

ಮುಗಿದ ಮೇಲೆ "ಸೆಫ್ ಓಎಸ್‌ಡಿ ಡಂಪ್"ನ ಫ್ಲ್ಯಾಗ್ಸ್ ಸಾಲನ್ನು ಮತ್ತೊಮ್ಮೆ ಓದಿ. ನೋಔಟ್, ನೋರೀಬ್ಯಾಲೆನ್ಸ್ ಉಳಿದಿದ್ದರೆ ಅನ್‌ಸೆಟ್ ಮಾಡಿ. ನೋಔಟ್ ಮರೆತು ಮನೆಗೆ ಹೋದರೆ, ಅದೇ ರಾತ್ರಿ ಸತ್ತ ಡಿಸ್ಕನ್ನು ಸೆಫ್ 600 ಸೆಕೆಂಡಿನ ನಂತರ ಹೊರಗೆ ಹಾಕಿ ಪ್ರತಿಗಳನ್ನು ತುಂಬಿಸುವ ಬದಲು ಬೆಳಗಿನವರೆಗೆ ಸುಮ್ಮನೆ ಕಾಯುತ್ತದೆ.